ಕಾರು ಬಿಸಿಲಿನಲ್ಲಿ, ನೀನು ಗ್ಯಾರೇಜಿನಲ್ಲಿ

ಅಪ್ಪಾ,

ಇವತ್ತು ಮುಂಜಾನೆ ಇವರು ಅಂಗಳದಲ್ಲಿ ಟೇಪು ಹಿಡಿದು ನಿಂತು ಮತ್ತೆ ಅದೇ ಮಾತು ಕೇಳಿದರು. "ಸುವರ್ಣಾ, ಈಗರೆ ಹೇಳು. ಗಾಡಿ ಗ್ಯಾರೇಜಿನ್ಯಾಗ ಹಾಕೂದೋ, ಹೊರಗ ಶೆಡ್ ಹೊಡಸೂದೋ?" ಚಹಾದ ಕಪ್ಪು ಅವರ ಕೈಗೆ ಕೊಟ್ಟು ಒಳಗೆ ಬಂದುಬಿಟ್ಟೆ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಆ ಉತ್ತರವನ್ನು ಮೊದಲು ನಿನ್ನ ಮುಂದೆ ಹೇಳಬೇಕಾಗಿತ್ತು. ಹೇಳಬೇಕಾದ ಕಾಲದಲ್ಲಿ ನಾನು ಬಾಯಿ ತೆರೆಯಲಿಲ್ಲ. ಈಗ ಕಾಗದ ಹಿಡಿದು ಕೂತಿದ್ದೇನೆ. ನೀನು ಓದುತ್ತೀಯೋ ಇಲ್ಲವೋ, ನಾನಂತೂ ಬರೆಯುತ್ತೇನೆ.

ನಾವು ಕಾರು ತಂದ ವಾರ ನಿನಗೆ ನೆನಪಿದೆಯಲ್ಲ? ಮೊಣಕಾಲು ಡಾಕ್ಟರಿಗೆ ತೋರಿಸಲು ನೀನು ಊರಿನಿಂದ, ಕಾಖಂಡಕಿಯಿಂದ ಬಂದಿದ್ದೆ. ಸಂಜೆ ಕಟ್ಟೆಯ ಮೇಲೆ ಕೂತು ನಾನೂ ಇವರೂ ಜಗಳ ಆಡುತ್ತಿದ್ದೆವು. ನಾಲ್ಕು ಪೈಪು ನಿಲ್ಲಿಸಿ ಮೇಲೆ ತಗಡು ಹೊದಿಸಿದರೆ ಸಾಕು, ಗಾಳಿ ಆಡುತ್ತದೆ, ಅಂಗಳವೂ ಅಂಗಳವಾಗಿ ಉಳಿಯುತ್ತದೆ ಎಂದು ಇವರ ವಾದ. ನನಗೆ ಗ್ಯಾರೇಜೇ ಬೇಕಾಗಿತ್ತು. ಧೂಳು, ಬಿಸಿಲು, ಬಾನೆಟ್ಟಿನ ಮೇಲೆ ಮಲಗುವ ಬೆಕ್ಕು, ಮೊಳೆ ಹಿಡಿದು ಗೀಚುವ ಓಣಿಯ ಹುಡುಗರು, ಹೀಗೆ ನನ್ನ ಹತ್ತಿರ ಕಾರಣಗಳಿಗೇನೂ ಬರ ಇರಲಿಲ್ಲ. ನಿಜ ಹೇಳಲೇ? ಜಲನಗರದ ನಮ್ಮ ಸಾಲಿನಲ್ಲಿ ಶಟರ್ ಇದ್ದ ಮನೆಗಳು ಬೇರೆಯೇ ಕಾಣುತ್ತಿದ್ದವು. ನಮ್ಮದೂ ಹಾಗೆ ಕಾಣಲಿ ಎಂಬ ಆಸೆ, ಅಷ್ಟೇ.

ನೀನು ಅಷ್ಟು ಹೊತ್ತು ಸುಮ್ಮನೆ ಅಡಕೆ ಅಗಿಯುತ್ತ ಕೂತಿದ್ದವನು ನಡುವೆ ಬಾಯಿ ಹಾಕಿದೆ. "ಗ್ಯಾರೇಜ ಕಟ್ಟಸ್ರಿ ಅಳಿಯಂದ್ರ. ಬಾಜೂಕ ಒಂದ ಬಾಗಲಾ ಇಡ್ರಿ. ಒಂದ ಸಣ್ಣ ಕಿಟಕೀನೂ ಇರಲಿ."

"ಕಾರಿಗೆ ಕಿಟಕಿ ಯಾಕ್ರೀ ಮಾಮಾ?" ಎಂದು ಇವರು ನಕ್ಕರು.

"ಗಾಡೀಗೂ ಉಸರ ಬೇಕಲ್ರೀ."

ಅಪ್ಪ ನನ್ನ ಪಕ್ಷ ಹಿಡಿದ ಎಂದು ಆ ಸಂಜೆಯೆಲ್ಲ ನಾನು ಹಿಗ್ಗಿನಲ್ಲಿದ್ದೆ. ಹಟ ಗೆದ್ದ ಹುಡುಗಿಯ ಹಾಗೆ. ನೀನು ನನ್ನ ಪಕ್ಷ ಹಿಡಿದಿರಲಿಲ್ಲ ಎಂದು ತಿಳಿಯಲು ಗ್ಯಾರೇಜಿನ ಗೋಡೆಗೆ ಸುಣ್ಣ ಆಗಬೇಕಾಯಿತು.

ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಂದು ಮಧ್ಯಾಹ್ನ ಗೇಟಿನ ಮುಂದೆ ಸಾಮಾನು ಹೇರಿದ ಟಂಟಂ ಆಟೋ ಬಂದು ನಿಂತಿತು. ಅದರಲ್ಲಿ ನೀನು, ನೀನು ಮಲಗುವ ಹಗ್ಗದ ಹೊರಸು, ಕಂಬಳಿ, ಅವ್ವನ ತಾಮ್ರದ ತಂಬಿಗೆ. ಅವ್ವ ಹೋದ ಮೇಲೆ ನಾನು ಎಷ್ಟು ಸಲ ಕರೆದಿರಲಿಲ್ಲ? ಕರೆದಾಗಲೆಲ್ಲ ನೀನು "ಮಗಳ ಮನ್ಯಾಗ ಅಪ್ಪ ಇರಬಾರದವ್ವ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆ. ನನ್ನ ಮಗಳು ಅಕ್ಷತಾ ಹುಟ್ಟುವವರೆಗೆ ನಮ್ಮ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟದಿದ್ದವನು ನೀನು. ಅವತ್ತು ಹೊರಸು ಇಳಿಸಿದವನಿಗೆ ನೇರ ಗ್ಯಾರೇಜಿನ ಕಡೆ ಕೈ ತೋರಿಸಿದೆ.

"ಅಪ್ಪಾ, ಅಲ್ಲೆಲ್ಲಿ? ಒಳಗ ಖೋಲಿ ಅದಲ್ಲ. ಅಕ್ಷತಾನ ಬಾಜೂದ್ದು."

"ಅದು ಅಳಿಯಂದ್ರ ಮನಿ. ಇದು ಗಾಡಿ ನಿಂದ್ರೂ ಜಾಗ. ನಾನೂ ಹಳೇ ಗಾಡೀನ. ಇಲ್ಲಿದ್ರ ನನಗ ಸಂಕೋಚಿಲ್ಲ."

ಇವರು ಬಂದು ಹೊರಸಿನ ಒಂದು ತುದಿ ಹಿಡಿದರು. ಆ ಗ್ಯಾರೇಜಿನೊಳಗೆ ಕಾರು ಒಂದು ರಾತ್ರಿಯೂ ನಿಲ್ಲಲಿಲ್ಲ.

ಪಕ್ಕದ ಮನೆಯ ಶೋಭಾ ಮೊದಲ ಸಲ ಕೇಳಿದಾಗ ನಾನು ತುಳಸಿಗೆ ನೀರು ಹಾಕುತ್ತಿದ್ದೆ. ಕಂಪೌಂಡಿನ ಆಚೆಯಿಂದ ಕತ್ತು ಚಾಚಿ, "ಅಪ್ಪಾರನ್ನ ಗ್ಯಾರೇಜಿನ್ಯಾಗ ಇಟ್ಟೀರೇನ್ರಿ?" ಎಂದಳು. ಇಟ್ಟೀರೇನ್ರಿ! ಸಾಮಾನು ಇಟ್ಟ ಹಾಗೆ. "ಅವರ ಹಟಾ ರೀ, ಎಷ್ಟ ಕರದ್ರೂ ಒಳಗ ಬರಂಗಿಲ್ಲ" ಎಂದೆ. ಅವಳು "ಹೌದ್ರೀ, ವಯಸ್ಸಾದವರು" ಎಂದು ನಕ್ಕಳು. ನಂಬಿದ ನಗು ಅಲ್ಲ ಅದು. ಆಮೇಲೆ ಹಾಲಿನವನು ಕೇಳಿದ, ನಾನು ಪಾಠ ಮಾಡುವ ಶಾಲೆಯ ಟೀಚರುಗಳು ಕೇಳಿದರು, ಕಾಖಂಡಕಿಯಿಂದ ಕಾಕಾನ ಮಗ ಬಂದವನು ಕೇಳಲೇ ಇಲ್ಲ; ಶಟರಿನ ಕಡೆ ನೋಡಿದ, ನನ್ನ ಕಡೆ ನೋಡಿದ, ಚಹಾ ಕುಡಿದು ಹೋದ. ಕೇಳಿದವರಿಗಾದರೂ ಉತ್ತರ ಇತ್ತು. ಕೇಳದೆ ಹೋದವರಿಗೆ ಏನು ಹೇಳಲಿ? ಕಾರು ಕವರ್ ಹೊದ್ದು ಬಿಸಿಲಲ್ಲಿ, ಅಪ್ಪ ಕಂಬಳಿ ಹೊದ್ದು ಗ್ಯಾರೇಜಿನಲ್ಲಿ. ನಮ್ಮ ಮನೆಯ ಗುರುತೇ ಹಾಗಾಗಿಹೋಯಿತು. ವಿಳಾಸ ಕೇಳಿದವರಿಗೆ ಓಣಿಯವರು ಹೇಳುತ್ತಿದ್ದದ್ದೇ "ಗ್ಯಾರೇಜ್ ಮುದುಕನ ಮನಿ" ಎಂದು.

ನಾನು ಏನು ಮಾಡಿದೆ ಎಂದು ನಿನಗೆ ಗೊತ್ತು. ಶಟರಿಗೆ ಒಳಗಡೆಯಿಂದ ಹೂವಿನ ಪರದೆ ಕಟ್ಟಿದೆ. ನೊಣ ಬರುತ್ತವೆ ಎಂದೆ. ರಸ್ತೆಯಲ್ಲಿ ಹೋಗುವವರಿಗೆ "ಹೋದ್ಯಾ ತಮ್ಮಾ", "ಬಂದ್ಯಾ ಯವ್ವಾ" ಎಂದು ಕೂಗುವುದೇ ನಿನ್ನ ದಿನದ ಸುಖವಾಗಿತ್ತು. ಪರದೆ ಕಟ್ಟಿದ ಮೇಲೆ ನೀನು ಅದರ ಒಂದು ಮೂಲೆ ಎತ್ತಿ ಹಿಡಿದು ನೋಡುತ್ತಿದ್ದೆ. ನೊಣ ಎಲ್ಲಿದ್ದವು ಎಂದು ಒಮ್ಮೆಯೂ ಕೇಳಲಿಲ್ಲವಲ್ಲ ನೀನು?

ಇವರಿಗೆ ಇದ್ಯಾವುದೂ ತಟ್ಟಲಿಲ್ಲ. ಕಾಲೇಜಿನ ಕೆಲಸ ಮುಗಿಸಿ ಬಂದವರೇ ಚಪ್ಪಲಿ ನಿನ್ನ ಬಾಗಿಲಲ್ಲಿ ಬಿಟ್ಟು ಒಳಗೆ ಕೂಡುತ್ತಿದ್ದರು. ನೀವಿಬ್ಬರೂ ಏನು ಅಷ್ಟು ಮಾತಾಡುತ್ತಿದ್ದಿರೋ. ಬಿಳಿಜೋಳದ ಬಗ್ಗೆ, ಭೂತನಾಳ ಕೆರೆ ಈ ಸಲ ತುಂಬುತ್ತದೋ ಇಲ್ಲವೋ ಎಂಬುದರ ಬಗ್ಗೆ, ಅವ್ವ ಮಾಡುತ್ತಿದ್ದ ಹಿಂಡಿಪಲ್ಯದ ಬಗ್ಗೆ. ಅಡುಗೆಮನೆಗೆ ನಿಮ್ಮ ನಗು ಕೇಳುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿದವಳು ನಾನು, ಪಕ್ಕದಲ್ಲಿ ಕೂತವರು ಅವರು. ನಾನು ತಟ್ಟೆ ಇಟ್ಟು, "ಹ್ಯಾಂಗಿದಿ ಅಪ್ಪಾ" ಎಂದು ಕೇಳಿ, ಉತ್ತರ ಬರುವ ಮೊದಲೇ ತಿರುಗುತ್ತಿದ್ದೆ. ರಸ್ತೆಯ ಮೇಲಿನವರು ನನ್ನನ್ನು ಅಲ್ಲಿ ನೋಡಬಾರದು ಎಂದು...

ಟಿಕೋಟದವರು ಅಕ್ಷತಾಳನ್ನು ನೋಡಲು ಬಂದ ದಿನಕ್ಕೆ ಬರುತ್ತೇನೆ. ಬಾರದೆ ವಿಧಿಯಿಲ್ಲ. ದ್ರಾಕ್ಷಿ ತೋಟದ ಮನೆತನ, ಹುಡುಗ ಒಣದ್ರಾಕ್ಷಿ ವ್ಯಾಪಾರ ನೋಡಿಕೊಳ್ಳುವವನು, ಅಕ್ಷತಾಳಿಗೂ ಒಪ್ಪಿಗೆ ಇತ್ತು. ಕಡುಬೇಸಿಗೆ. ಮುಂಜಾನೆಯಿಂದ ನಾನು ನೆಲ ಒರೆಸಿದ್ದೇ ಒರೆಸಿದ್ದು. ಗೇಟು ತೆರೆದು ಬರುವವರ ಕಣ್ಣಿಗೆ ಮೊದಲು ಬೀಳುವುದೇ ನಿನ್ನ ಹೊರಸು. ನಾನು ನಿನ್ನ ಬಾಗಿಲಿಗೆ ಬಂದು ನಿಂತೆ. "ಅಪ್ಪಾ, ಬಿಸಲ ಭಾಳ ಬರ್ತದ. ಶಟರ್ ಸ್ವಲ್ಪ ಕೆಳಗ ಮಾಡ್ಲೇನು?" ಇಷ್ಟೇ ಕೇಳಿದ್ದು. ನೀನು ನನ್ನ ಮುಖ ನೋಡಿದೆ. ಬಹಳ ಹೊತ್ತೇನೂ ನೋಡಲಿಲ್ಲ. "ನೀ ಯಾಕ ಕೈ ಹೊಲಸ ಮಾಡ್ಕೋತಿ ಯವ್ವಾ, ನಾನ ಎಳಕೋತೀನಿ ಬಿಡ" ಎಂದು ಕೊಕ್ಕೆ ಹಾಕಿ ಎಳೆದೆ. ಸ್ವಲ್ಪ ಅಲ್ಲ, ನೆಲಕ್ಕೆ ಮುಟ್ಟುವ ತನಕ. ಒಳಗಿನಿಂದ ಚಿಲಕ ಬಿದ್ದ ಸದ್ದೂ ಕೇಳಿತು.

ನಾನು ಆಗಲಾದರೂ ಬೇಡ ಅನ್ನಬಹುದಿತ್ತಲ್ಲ? ಬಾ, ಒಳಗೆ ಸೋಫಾದ ಮೇಲೆ ಕೂಡು, ಇವರು ನಮ್ಮಪ್ಪ ಎಂದು ಹೇಳುತ್ತೇನೆ ಅನ್ನಬಹುದಿತ್ತು. ಹೋಗಿ ಅವಲಕ್ಕಿಗೆ ಒಗ್ಗರಣೆ ಹಾಕಿದೆ.

ಅವರು ಗೇಟಿನಲ್ಲಿ ಇಳಿದರು. ಹುಡುಗನ ಅಜ್ಜಿ ನೀಲಮ್ಮ, ಕೋಲು ಊರಿಕೊಂಡು, ಎಲ್ಲರಿಗಿಂತ ಮುಂದೆ. ಶಟರಿನ ಮುಂದೆಯೇ ನಿಂತು ಕೇಳಿದರು, "ಹುಡಿಗಿ ಮುತ್ಯಾ, ನಿಮ್ಮಪ್ಪ, ಇಲ್ಲೇ ಇರ್ತಾರಂತಲ್ಲ ಬೇ, ಎಲ್ಲಿ ಅವರು?"

ನನ್ನ ಬೆನ್ನಿಗೆ ಆ ತಗಡು. ಅದರ ಆಚೆ ನೀನು.

"ಊರಿಗೆ ಹೋಗ್ಯಾರ್ರಿ, ಕಾಖಂಡಕಿಗೆ" ಎಂದೆ. "ಇವತ್ತ ಬರೂದಿತ್ತು, ಬಸ್ ಸಿಗಲಿಲ್ಲೋ ಏನೋ..."

ಹುಡುಗನ ಅಪ್ಪ ನಮ್ಮ ಕಾರು ನೋಡಿ, "ಗ್ಯಾರೇಜ ಇದ್ದೂ ಗಾಡಿ ಬಿಸಲಾಗ ಯಾಕ ಬಿಟ್ಟೀರಿ?" ಎಂದರು. "ಶಟರ್ ಕೆಟ್ಟದ್ರಿ" ಎಂದೆ. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು ಎಷ್ಟು ಸಲೀಸಾಗಿ ಬರುತ್ತದೆ! ಇವರು ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಬಂದವರನ್ನು ಒಳಗೆ ಕರೆದುಕೊಂಡು ಹೋದರು.

ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು, ಆದರೂ ಎಲ್ಲರೂ ಬೆವರುತ್ತಿದ್ದರು. ನನ್ನ ಕಿವಿಯೆಲ್ಲ ಹೊರಗೆ. ತಗಡಿನ ಬಾಗಿಲು, ಮೇಲೆ ಕಾದ ಸ್ಲ್ಯಾಬು, ಒಂದು ಸಣ್ಣ ಕಿಟಕಿ. ಕೆಮ್ಮಿದರೆ ಏನು ಗತಿ ಎಂದು ನನ್ನ ಚಿಂತೆ. ಕೆಮ್ಮದಿದ್ದರೆ ಏನು ಗತಿ ಎಂಬ ಚಿಂತೆ ನನಗೆ ಬರಲಿಲ್ಲ ಅಪ್ಪಾ. ಈ ಒಂದು ವಾಕ್ಯ ಬರೆಯಲು ಎಷ್ಟು ಸಲ ಪೆನ್ನು ಕೆಳಗಿಟ್ಟೆನೋ.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಮುಂದಿನ ಬಾಗಿಲಲ್ಲಿ ನೀನು! ಒಗೆದ ಧೋತರ, ತಲೆಗೆ ರುಮಾಲು, ಹೆಗಲಿಗೆ ಚೀಲ. ಅಂಗಿ ಮೈಗೆ ಅಂಟಿಕೊಂಡಿತ್ತು. ಕುಂಟುತ್ತ ಹೊಸ್ತಿಲು ದಾಟಿ ಎಲ್ಲರಿಗೂ ಕೈ ಮುಗಿದೆ. "ಶರಣ್ರೀ. ತಪ್ಪ ತಿಳಕೋಬ್ಯಾಡ್ರಿ, ಕಾಖಂಡಕಿ ಬಸ್ ತಡಾ ಮಾಡ್ತು. ನಿಂತಗೊಂಡ ಬಂದ್ನಿ ನೋಡ್ರಿ, ಮೈಯೆಲ್ಲ ತೋದ ಹೋತು."

ಪಕ್ಕದ ಬಾಗಿಲಿನಿಂದ ಹೊರಬಿದ್ದು, ಹಿತ್ತಲು ದಾಟಿ, ಹಿಂದಿನ ಗಲ್ಲಿ ಹಿಡಿದು, ಇಡೀ ಓಣಿ ಸುತ್ತಿ ನೀನು ಮುಂದಿನ ಗೇಟಿಗೆ ಬಂದಿದ್ದೆ. ಆ ಮೊಣಕಾಲಿನಲ್ಲಿ. ಆ ಬಿಸಿಲಿನಲ್ಲಿ. ನಾನು ಹೇಳಿದ ಸುಳ್ಳನ್ನು ಖರೇ ಮಾಡಲು.

ಚಹಾ ತಂದ ಅಕ್ಷತಾ ಟ್ರೇ ಹಿಡಿದಂತೆಯೇ ನಿಂತಳು. ಸ್ವಲ್ಪ ಹೊತ್ತಿನ ಹಿಂದೆ ಅವಳೇ ಗ್ಯಾರೇಜಿಗೆ ಹೋಗಿ ನಿನಗೆ ನೀರು ಕೊಟ್ಟು ಬಂದಿದ್ದಳು. ಒಮ್ಮೆ ನನ್ನ ಮುಖ ನೋಡಿದಳು. ಟ್ರೇ ಕೆಳಗಿಟ್ಟು, ನಿನ್ನ ಕಾಲು ಮುಟ್ಟಿ, "ಯಾವಾಗ ಬಂದಿ ಮುತ್ಯಾ?" ಎಂದಳು. "ಈಗ ಬಂದ್ನಿ ಕೂಸ" ಎಂದು ನೀನು ಚೀಲದಿಂದ ಹುರಿದ ಶೇಂಗಾದ ಗಂಟು ತೆಗೆದು ನೀಲಮ್ಮನವರ ಮುಂದಿಟ್ಟೆ. "ಊರಿಂದ ತಂದೇನ್ರೀ, ತಗೋರಿ." ಆ ಶೇಂಗಾ ಹಿಂದಿನ ವಾರ ನಾನೇ ಹುರಿದುಕೊಟ್ಟಿದ್ದು. ನನಗೋಸ್ಕರ ನೀನು ಸುಳ್ಳು ಹೇಳಿದೆ, ನಿನ್ನ ಮೊಮ್ಮಗಳು ಸುಳ್ಳು ಹೇಳಿದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಬೆವರು ಎಂದು ಎಲ್ಲರೂ ತಿಳಿದರು.

ಅವರು ಹೋದ ಮೇಲೆ ಇವರು ನಿನಗೆ ಕುರ್ಚಿ ಹಾಕಿ, ಕಾಲಿಗೆ ಎಣ್ಣೆ ತಿಕ್ಕಿದರು. ನಾನು ಮಜ್ಜಿಗೆ ತಂದು ನಿಂತೆ. "ಅಪ್ಪಾ, ನಾ..." ಎಂದೆ. ನೀನು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡೆ. "ಹುಡುಗ ಚೊಲೋ ಇದಾನ. ಮುದುಕಿ ಶಾಣ್ಯಾಕಿ. ಕೊಟ್ಟಬಿಡ್ರಿ" ಎಂದೆ. ಅಷ್ಟೇ. ಮರುದಿನವೂ ಇಲ್ಲ, ಮದುವೆಯಲ್ಲೂ ಇಲ್ಲ, ಆ ಮಾತನ್ನು ಎಂದೂ ಎತ್ತಲಿಲ್ಲ. ಒಂದು ಸಲ ಬೈದಿದ್ದರೆ ಏನಾಗುತ್ತಿತ್ತು ನಿನಗೆ? ನೀನು ಬೈಯಲಿಲ್ಲ ಎಂಬುದಕ್ಕೇ ನಾನು ನಿನ್ನ ಕಣ್ಣು ತಪ್ಪಿಸುತ್ತ ಓಡಾಡಿದೆ.

ಮದುವೆಯಾದ ಮರುವರ್ಷ ಚಳಿಗಾಲದಲ್ಲಿ ನಿನಗೆ ಉಸಿರು ಕಟ್ಟಿತು. ಓಣಿಯ ತುದಿಯ ದವಾಖಾನೆಯಲ್ಲಿ ಸ್ವಲ್ಪ ದಿನ ಇದ್ದೆ. ಅಲ್ಲಿಯೇ ಹೋದೆ, ನನ್ನ ಕೈಯಲ್ಲಿ ನಿನ್ನ ಕೈ ಇತ್ತು, ಅದೊಂದೇ ಸಮಾಧಾನ. ಮನೆಗೆ ತಂದಾಗ ಎಲ್ಲಿ ಮಲಗಿಸುವುದು ಎಂದು ಯಾರೂ ಕೇಳಲೇ ಇಲ್ಲ. ನೇರ ಪಡಸಾಲೆಗೆ ತಂದರು. ಇದ್ದಾಗ ಒಂದು ರಾತ್ರಿಯೂ ಒಳಗೆ ಮಲಗದವನು, ಹೋದ ಮೇಲೆ ಅಳಿಯನ ಮನೆಯ ನಟ್ಟನಡುವೆ ಮಲಗಿದೆ. ಶೋಭಾ ಬಂದು ಅತ್ತಳು. ನಿಜವಾಗಿಯೇ ಅತ್ತಳು ಅಪ್ಪಾ. ದಿನಾ ಮುಂಜಾನೆ ಅವಳ ಮಗನನ್ನು ಶಾಲೆಗೆ ಹೋಗುವಾಗ ಮಾತಾಡಿಸುತ್ತಿದ್ದೆಯಂತೆ. ನಾನು ಯಾರ ಕಣ್ಣಿಗೆ ಅಂಜಿ ಪರದೆ ಕಟ್ಟಿದೆನೋ, ಅವರೇ ಪರದೆಯ ಮೂಲೆ ಎತ್ತಿದ ನಿನ್ನ ಕೈಯನ್ನು ನೆನೆಸಿ ಅಳುತ್ತಿದ್ದರು.

ಆಮೇಲೆ ಗ್ಯಾರೇಜಿಗೆ ಬೀಗ ಬಿತ್ತು. ಕಾರು ಹೊರಗೇ ಉಳಿಯಿತು. ಇವರೂ ವರ್ಷ ತುಂಬುವ ತನಕ ಆ ಮಾತು ಆಡಲಿಲ್ಲ. ಈಗ ಕಾರಿನ ಬಣ್ಣ ಸುಟ್ಟು ಹೋಗುತ್ತಿದೆ, ಮಳೆಗಾಲ ಬೇರೆ ಹತ್ತಿರ ಬಂತು, ಕೇಳದೆ ಏನು ಮಾಡುತ್ತಾರೆ? "ಹೊರಸ ತಗದ್ರ ಗಾಡಿ ಹಿಡಸ್ತದ" ಎಂದರೆ ನನಗೆ ಎದೆ ಹಿಂಡುತ್ತದೆ. "ಇರಲಿ, ಹೊರಗ ಶೆಡ್ ಹಾಕೋಣು" ಎಂದರೂ ಹಿಂಡುತ್ತದೆ. ಖಾಲಿ ಕೋಣೆ ಇಟ್ಟುಕೊಂಡು ಹೊರಗೆ ತಗಡು ಹೊದಿಸಿದರೆ ಬಂದವರು ಕಾರಣ ಕೇಳುತ್ತಾರಲ್ಲ. ಮತ್ತೆ ಹೇಳಬೇಕಲ್ಲ, ಅಲ್ಲಿ ಯಾರಿದ್ದರು ಎಂದು... ನೋಡಿದೆಯಾ, ನಿನ್ನ ಮಗಳು ಇನ್ನೂ ಸುಧಾರಿಸಿಲ್ಲ.

ಮೊನ್ನೆ ನೀಲಮ್ಮ ಕಣ್ಣು ತೋರಿಸಲು ಬಂದಿದ್ದರು. ಜೊತೆಗೆ ಅಕ್ಷತಾ. ಅವತ್ತು ಕೂತಿದ್ದ ಕುರ್ಚಿಯಲ್ಲಿಯೇ ಕೂತರು, ಕಿಟಕಿಯ ಪಕ್ಕ. ಚಹಾ ಸಾಸರಿಗೆ ಸುರಿದುಕೊಂಡು ಆರಿಸುತ್ತ, ಯಾರ ಬಗ್ಗೆಯೋ ಮಾತಾಡುವ ಹಾಗೆ ಅಂದರು, "ನಿಮ್ಮಪ್ಪ ಹೋದದ್ದ ಈ ಕಿಟಕ್ಯಾಗ ಕಂಡಿತ್ತು ನನಗ."

ನನಗೆ ಅರ್ಥವಾಗಲಿಲ್ಲ. "ಯಾವಾಗ್ರೀ?"

"ಕನ್ಯಾ ನೋಡಾಕ ಬಂದಾಗ. ರುಮಾಲ ಸುತಗೋತ, ಚೀಲಾ ಹಿಡಕೊಂಡ ಹಿತ್ತಲ ಕಡೆ ಹೊಂಟಿದ್ರು. ಯಾರಿವರು ಅಂದ್ಕೊಂಡ್ನಿ. ಆಮ್ಯಾಗ ಅವರ ಮುಂದಿನ ಬಾಗಲಾಗ ಬಂದ್ರು, ಬಸ್ ಇಳದ ಬಂದೇನಿ ಅಂದ್ರು."

ಅಪ್ಪಾ, ನೆಲ ಬಾಯಿ ಬಿಡಬಾರದೇ ಅನಿಸಿತು. ಇಷ್ಟು ದಿನ, ಮದುವೆ, ಹಬ್ಬ, ಹರಿದಿನ, ಪ್ರತಿ ಸಲ ಆ ಹೆಣ್ಣುಮಗಳು ನನ್ನ ಕೈಯಲ್ಲಿ ಊಟ ಮಾಡಿದ್ದಾರೆ, ಗೊತ್ತಿದ್ದೂ. "ಅಮ್ಮಾರ, ನಾ ಅವತ್ತ..." ಎಂದೆ.

"ನೀ ಸುಮ್ಮಕಿರ ಬೇ" ಎಂದರು. "ಮನಿಗೆ ಹೋಗಿ ನನ್ನ ಮಗಗ ಹೇಳಿದ್ನಿ. ಹೆಣ್ಣಿನ ಅವ್ವ ನಮ್ಮ ಮುಂದ ಸುಳ್ಳ ಹೇಳ್ಯಾಳ ಅಂತ. ಅವ ಈ ಸಂಬಂಧ ಬ್ಯಾಡ ಅಂದ. ನಾ ಅಂದ್ನಿ, ಮಗಳ ಮಾನಾ ಹೋಗಬಾರದಂತ ಆ ಕುಂಟ ಕಾಲಾಗ ಓಣಿ ಸುತ್ತ ಹಾಕಿ ಬಂದಾನ ಮನಶಾ. ಅವನ ಮೊಮ್ಮಗಳನ್ನ ಬಿಟ್ರ ಎಲ್ಲಿ ಹುಡಕ್ತೀಯೋ ಅಂದ್ನಿ."

ಅಕ್ಷತಾಳ ಸಂಸಾರ ನನ್ನಿಂದ ಮುರಿಯುವುದಿತ್ತು, ನಿನ್ನಿಂದ ಉಳಿಯಿತು. ಇದು ನಿನಗೆ ಗೊತ್ತಿರಲಿಲ್ಲ. ಗೊತ್ತಾಗದೆಯೇ ಹೋದೆಯಲ್ಲ ಎಂದು ಆಗ ಕೂತಲ್ಲಿಯೇ ಅತ್ತೆ. ಈ ಸಲ ಬೆವರು ಎಂದು ಯಾರೂ ತಿಳಿಯಲಿಲ್ಲ.

ಅತ್ತು ಮುಗಿದ ಮೇಲೆ ನೀಲಮ್ಮ ಇನ್ನೊಂದು ಮಾತು ಹೇಳಿದರು. ಅದನ್ನು ಹೇಳಲೆಂದೇ ಬಂದಿದ್ದರು. ಅಕ್ಷತಾ ಬಸುರಿ. ದೀಪಾವಳಿ ಮುಗಿದ ಮೇಲೆ ದಿನ ತುಂಬುತ್ತವೆ. "ಮೊದಲನೇ ಬಾಣಂತನ ತವರಿನ್ಯಾಗ. ಯಾವ ಖೋಲಿ ಕೊಡ್ತೀಯವ್ವ ನನ್ನ ಮೊಮ್ಮಗನ ಹೇಣ್ತಿಗೆ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಷತಾ, "ಮುತ್ಯಾನ ಖೋಲಿ" ಎಂದಳು. "ಗಾಳಿ ಹೊಡಿಯಂಗಿಲ್ಲ, ಬೆಚ್ಚಗ ಇರ್ತದ. ಅಲ್ಲೇ ಇರ್ತೀನಿ ನಾ."

ನನ್ನ ತಲೆಯಲ್ಲಿ ಮೊದಲು ಎದ್ದ ಮಾತು ಏನು ಗೊತ್ತೇ? ಬಾಣಂತಿಯನ್ನು ಗ್ಯಾರೇಜಿನಲ್ಲಿ ಇಟ್ಟಿದ್ದಾರೆ ಎಂದು ಓಣಿ ಆಡಿಕೊಳ್ಳುತ್ತದೆ, ಅಂತ. ನಾಚಿಕೆ ಎಂಬುದು ಇಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ ಅಪ್ಪಾ. ಆದರೆ ಈ ಸಲ ಅದು ಬಂದದ್ದು ನನಗೆ ಗೊತ್ತಾಯಿತು. ಹೂಂ ಎಂದೆ.

ಅಕ್ಷತಾಳಿಗೆ ಹೂಂ ಎಂದವಳಿಗೆ ಇವರ ಪ್ರಶ್ನೆಗೆ ಮುಂಜಾನೆ ಬಾಯಿ ಬರಲಿಲ್ಲ. ಅಳತೆ ತೆಗೆದುಕೊಳ್ಳಲು ಇವರು ಕರೆಸಿದ್ದ ವೆಲ್ಡಿಂಗಿನ ರಫೀಕ್ ಮಧ್ಯಾಹ್ನ ಬಂದ. ಇಲ್ಲಿಯವರೆಗೆ ಬರೆದದ್ದನ್ನು ಮಡಚಿಟ್ಟು ನಾನೇ ಅಂಗಳಕ್ಕೆ ಇಳಿದೆ. ನಾಲ್ಕು ಪೈಪು ಎಲ್ಲೆಲ್ಲಿ ನಿಲ್ಲಬೇಕು, ತಗಡಿನ ಇಳಿಜಾರು ಯಾವ ಕಡೆ ಎಂದು ಕೈ ತೋರಿಸಿದೆ. ಇವರು ಟೇಪು ಕೈಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ರಫೀಕ್ ತಲೆ ಕೆರೆದುಕೊಂಡ. "ಅಕ್ಕಾರ, ಇಷ್ಟ ಚಂದ ಗ್ಯಾರೇಜ ಇದ್ದಾಗ ಶೆಡ್ ಯಾಕ್ರೀ?"

ಕಂಪೌಂಡಿನ ಆಚೆ ಶೋಭಾ ಬಟ್ಟೆ ಒಣ ಹಾಕುತ್ತಿದ್ದಳು. ಅವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಅದರಾಗ ನಮ್ಮಪ್ಪ ಇದ್ದ ರಫೀಕಣ್ಣ. ಈಗ ನನ್ನ ಮಗಳು ಬಾಣಂತನಕ್ಕ ಬರ್ತಾಳ. ಗಾಡಿ ಹೊರಗ ನಿಂದ್ರಲಿ."

ರಫೀಕ್ "ಹೌದ್ರೀ?" ಎಂದು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕತೊಡಗಿದ. ಶೋಭಾ ಕೈಯಲ್ಲಿನ ಸೀರೆ ಹಾಗೇ ಬಿಟ್ಟು ಕಂಪೌಂಡಿಗೆ ಬಂದಳು. "ಅಕ್ಷತಾಗ ಎಷ್ಟನೇ ತಿಂಗಳಾತ್ರೀ?" ಎಂದಳು.

ನಾನು ಹೇಳಿದೆ ಅಪ್ಪಾ. ನಿಂತು, ಎಲ್ಲವನ್ನೂ ಹೇಳಿದೆ.

ನಿನ್ನ ಮಗಳು,
ಸುವರ್ಣಾ